ಮೇವು ಮತ್ತು ಹುಲ್ಲುಹಾಸು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಮಳವಳ್ಳಿ ತಾಲ್ಲೂಕು, ನಾಲೆಯ ಕೊನೆ ಭಾಗ. ಹತ್ತು ಗುಂಟೆ ಸೀಮೆಹುಲ್ಲು ಬೇಸಿಗೆಯಲ್ಲಿ ಅರ್ಧಕ್ಕರ್ಧ ಒಣಗಿತು. ಬದುಕಿದ ಬುಡಗಳು ತೆನೆ ಬಿಟ್ಟಿವೆ. ಅವುಗಳ ಬೀಜ ಬಿತ್ತಿದರೆ ಬರ ತಡೆಯುವ ತಳಿ ಸಿಗುತ್ತದೆಯೇ?

ಉತ್ತರ: ಇಲ್ಲ. ಕೋ-4, ಕೋ-5ರಂಥ ಸೀಮೆಹುಲ್ಲು ಸಜ್ಜೆ ಮತ್ತು ನೇಪಿಯರ್‌ ಸಂಕರ. ಗುಣಗಳನ್ನು ಹೊತ್ತ ವರ್ಣತಂತು (ಕ್ರೋಮೋಸೋಮ್) ಸಜ್ಜೆಯಲ್ಲಿ 14, ನೇಪಿಯರ್‌ನದು 28, ಇದರದು 21. ಅವು ಸರಿಯಾಗಿ ಜೋಡಿಯಾಗದ್ದರಿಂದ ತೆನೆ ಬಂದರೂ ಕಾಳು ಕಟ್ಟುವುದಿಲ್ಲ. ಬದುಕಿದ ಬುಡಗಳ ತುಂಡು ನೆಟ್ಟರೂ ಗುಣ ಬದಲಾಗದು. ಒಂದೇ ತಳಿಯ ತುಂಡುಗಳಿಂದ ಬೆಳೆದಿದ್ದರೆ ಗದ್ದೆಯೆಲ್ಲ ಒಂದೇ ಗಿಡವಿದ್ದ ಹಾಗೆ. ಬದುಕಿಸಿದ್ದು ಆ ಜಾಗ: ಬದುವಿನ ಪಕ್ಕದ ತಂಪೋ, ಆಳದ ಮಣ್ಣೋ ಇರಬೇಕು. ಅಗೆದು ನೋಡಿ.

ಸೀಮೆಹುಲ್ಲನ್ನು ಕೊಟ್ಟಿಗೆಯ ತೊಳೆನೀರು ಹರಿಯುವ ಎರಡು ಮೂರು ಗುಂಟೆಗೆ ಇಳಿಸಿ. ಉಳಿದದ್ದಕ್ಕೆ ಅಂಜನ್ ಹುಲ್ಲು ಹಾಕಿ. ಇಳುವರಿ ಕಡಿಮೆ, ಆದರೆ ಒಣಗಿದ ಬುಡ ಮಳೆ ಬಿದ್ದೊಡನೆ ಚಿಗುರುತ್ತದೆ. ನೀರು ನಿಲ್ಲುವ ಜಾಗ ಮಾತ್ರ ಬೇಡ. ಇದರ ಬೀಜ ತಂದೆಗಿಡದ ಗುಣ ಬೆರೆಯದೆ ಬಹುಮಟ್ಟಿಗೆ ತಾಯಿಯ ಪಡಿಯಚ್ಚಾಗಿ ಹುಟ್ಟುತ್ತದೆ. ಹಾಗಾಗಿ ಇಲ್ಲಿ ನಿಮ್ಮ ಆಯ್ಕೆಗೆ ಬೆಲೆಯಿದೆ. ಒಳ್ಳೆಯ ಬುಡದ ಗುಣ ಬೀಜದಲ್ಲೂ ನಿಲ್ಲುತ್ತದೆ. ಇದೇ ಗುಣ ತಳಿ ವಿಜ್ಞಾನಿಗಳಿಗೆ ದೊಡ್ಡ ತೊಡಕು, ಎರಡು ಗಿಡಗಳ ಗುಣ ಬೆರೆಸಲು ಬಿಡುವುದಿಲ್ಲ.

ಏಳು ಗುಂಟೆಗೆ 350 ಗ್ರಾಂ ಬೀಜ ಸಾಕು. ಹೊಸ ಬೀಜ ನಿದ್ರಾವಸ್ಥೆಯಲ್ಲಿರುತ್ತದೆ, ವರ್ಷ ಹಳೆಯದನ್ನೇ ಕೇಳಿ ತನ್ನಿ. ರೋಮ ಇರುವುದರಿಂದ ಗಾಳಿಗೆ ಹಾರುತ್ತದೆ. ಒದ್ದೆ ಮಣ್ಣು, ಸಗಣಿಯಲ್ಲಿ ಉಜ್ಜಿ ಉಂಡೆ ಮಾಡಿ. ಸಾಲಿನಿಂದ ಸಾಲಿಗೆ 50 ಸೆಂ.ಮೀ., ಆಳ 1 ಸೆಂ.ಮೀ. ಮೀರಬಾರದು. ಬೀಜ ಮೊಳೆಯದಿರಲು ಆಳಕ್ಕೆ ಬಿದ್ದದ್ದೇ ಹೆಚ್ಚಿನ ಕಡೆ ಕಾರಣ. ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ನೆಲಕ್ಕೆ ಸವರದೆ 10–15 ಸೆಂ.ಮೀ. ಕೂಳೆ ಬಿಡಿ. ಬಿತ್ತುವ ಮೊದಲು, ಮೇವಿನ ಬೆಳೆಗಳ ಸಂಶೋಧನೆ ನಡೆಯುವ ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿ ವಿಚಾರಿಸಿ.

ಒಂದು ಎಚ್ಚರಿಕೆ. ಈ ನಡುವೆ ಮೇವಿಗೆಂದು ಜೋಳ ಹಾಕಿದರೆ, ನೀರಿಲ್ಲದೆ ಬಾಡಿದ ಎಳೆ ಪೈರನ್ನೂ ಕೂಳೆಯ ಚಿಗುರನ್ನೂ ಹಸುವಿನ ಬಾಯಿಗೆ ಕೊಡಲೇಬೇಡಿ. ಅದರ ಸಯನೈಡ್ ವಿಷ ಕೆಲವೇ ನಿಮಿಷಗಳಲ್ಲಿ ಹಸುವನ್ನು ಕೆಡವಬಲ್ಲದು. ಹೂಬಿಟ್ಟ ಮೇಲೆ ಕೊಯ್ಯಿರಿ.

ಪ್ರಶ್ನೆ: ಮೈಸೂರಿನಲ್ಲಿ ಮನೆ ಮುಂದೆ ಹುಲ್ಲುಹಾಸು ಹಾಕಬೇಕು. ದಿನಾ ನೀರು ಕೊಡಲಾಗದು. ಯಾವ ಹುಲ್ಲು?

ಉತ್ತರ: ಬಿಸಿಲಿದ್ದರೆ ಗರಿಕೆಯೇ. ಅಮೆರಿಕದ ಟಿಫ್ಟನ್‌ನಲ್ಲಿ ನಮ್ಮ ಗರಿಕೆಯ ಜಾತಿಯನ್ನು ದಕ್ಷಿಣ ಆಫ್ರಿಕಾದ ಸಣ್ಣೆಲೆ ಗರಿಕೆಯೊಂದಿಗೆ ಬೆರೆಸಿ ಪಡೆದ ಟಿಫ್‌ವೇ ಎಂಬ ಹುಲ್ಲುಹಾಸಿನ ತಳಿ 1960ರಲ್ಲಿ ಬಿಡುಗಡೆಯಾಯಿತು. ಅದೂ ಸೀಮೆಹುಲ್ಲಿನಂತೆ ಬೀಜ ಕಟ್ಟದ್ದು, ತುಂಡುಗಳಿಂದಲೇ ಹಬ್ಬಬೇಕು. ಬೇರು ಹಿಡಿದ ಮೇಲೆ ದಿನಾ ಚಿಮುಕಿಸಬೇಡಿ, ಬೇರು ಮೇಲೇ ಉಳಿದುಬಿಡುತ್ತದೆ. ವಾರಕ್ಕೊಮ್ಮೆ ಚದರ ಮೀಟರಿಗೆ 25 ಲೀಟರ್ ಕೊಡಿ. ಮರದ ನೆರಳಿನಲ್ಲಿ ಗರಿಕೆ ನಿಲ್ಲದು, ಅಲ್ಲಿ ಹುಲ್ಲಿನ ಆಸೆ ಬಿಟ್ಟು ತರಗೆಲೆ ಹರಡಿ.