ಹೋಟೆಲ್ ಪಾರ್ಸೆಲ್ ಕವರ್ ಮೇಲೆ ಊರಿನ ಅಂಗಡಿಗಳ ಜಾಹೀರಾತು ಹಾಕಿಸಿದರೆ ಒಂದು ಜಾಗಕ್ಕೆ ಎಷ್ಟು ರೇಟು ಕೇಳಬಹುದು?

ಕುಶಾಲನಗರದ ಹೋಟೆಲ್‌ಗಳಿಗೆ ಪೇಪರ್ ಕವರ್ ಬಿಟ್ಟಿ ಕೊಟ್ಟು, ಜಾಹೀರಾತಿನಲ್ಲಿ ದುಡ್ಡು ಮಾಡುವ ಯೋಚನೆ ನಿಮ್ಮದು. ಇದೇ ಲೆಕ್ಕವನ್ನು ನಾನು 2023ರ ಏಪ್ರಿಲ್‌ನಲ್ಲಿ ಮಡಿಕೇರಿಯಲ್ಲಿ ಹಾಕಿದ್ದೆ.

ಆಗ ಧೈರ್ಯ ಕೊಟ್ಟಿದ್ದು ಪ್ಲಾಸ್ಟಿಕ್ ನಿಷೇಧ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಿಂದಲೇ ನಿಷೇಧವಿದೆ. 2022ರ ಜುಲೈ 1ರಿಂದ ಚಮಚ, ತಟ್ಟೆ, ಸ್ಟ್ರಾ ಎಲ್ಲ ಸೇರಿ ದೇಶಕ್ಕೇ ನಿಷೇಧ ಬಂತು. ಇನ್ನು ಹೋಟೆಲ್‌ನವರಿಗೆ ಪೇಪರ್ ಕವರ್ ಬೇಕೇ ಬೇಕು ಅಂದುಕೊಂಡೆ. ಮೂರು ಹೋಟೆಲ್‌ನವರನ್ನು ಕೇಳಿದೆ. ದಿನಕ್ಕೆ ಎಷ್ಟು ಪಾರ್ಸೆಲ್ ಹೋಗುತ್ತದೆ ಅಂದರೆ ಒಬ್ಬರು 80 ಅಂದರು, ಇನ್ನಿಬ್ಬರು ಐವತ್ತೈವತ್ತು ಅಂದರು. ಒಟ್ಟು 180. ಎರಡು ತಿಂಗಳಿಗೆ 10 ಸಾವಿರ ಕವರ್ ಆರಾಮಾಗಿ ಖರ್ಚಾಗುತ್ತದೆ ಅಂತ ಬರೆದುಕೊಂಡೆ.

ಸಂಬಾರ ಪದಾರ್ಥ, ಜೇನು, ಚಾಕೊಲೇಟ್ ಮಾರುವ ಅಂಗಡಿಯವರೊಬ್ಬರು ದೊಡ್ಡ ಜಾಗಕ್ಕೆ 24 ಸಾವಿರ ಕೊಟ್ಟರು. ಇನ್ನು ಐದು ಜನ ಹತ್ತು ಹತ್ತು ಸಾವಿರ. ಕವರ್‌ಗೆ ತಲಾ 6 ರೂಪಾಯಿಯಂತೆ 60 ಸಾವಿರ, ಡಿಸೈನು ಮತ್ತು ಸಾಗಾಟಕ್ಕೆ 5 ಸಾವಿರ ಹೋಯಿತು. ಕೈಯಲ್ಲಿ 9 ಸಾವಿರ ಉಳಿಯಿತು. ಸುಲಭದ ದುಡ್ಡು ಅನ್ನಿಸಿತ್ತು.

ಈಗ ನನ್ನ ತಪ್ಪು ಹೇಳುತ್ತೇನೆ. ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕಂದರೆ ನೀವೂ ಇದನ್ನೇ ಮಾಡುವ ಹಾಗಿದ್ದೀರಿ. ನಾನು ಹೋಟೆಲ್ ಮಾಲೀಕರನ್ನು ಕೇಳಿದೆನೇ ಹೊರತು ಕೌಂಟರ್ ಪಕ್ಕ ಒಂದು ದಿನವೂ ನಿಂತು ನೋಡಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಮೇ ತಿಂಗಳ ಭಾನುವಾರ. ಮಂಗಳವಾರ ಸಂಜೆ ಎಷ್ಟು ಅಂತ ನಾನು ಕೇಳಲೇ ಇಲ್ಲ. ಎರಡು ಇಡ್ಲಿ, ನಾಲ್ಕು ಪರೋಟ ಕಟ್ಟಿಸಿಕೊಂಡು ಹೋಗುವವರಿಗೆ ನನ್ನ ದೊಡ್ಡ ಕವರ್ ಬೇಡವೇ ಬೇಡ. ಆದರೆ ಅದೂ ಅವರ ಲೆಕ್ಕದಲ್ಲಿ ಪಾರ್ಸೆಲ್ಲೇ. ನಿಜವಾಗಿ ಕವರ್ ಹೋಗುತ್ತಿದ್ದದ್ದು ಮೂರೂ ಹೋಟೆಲ್ ಸೇರಿ ದಿನಕ್ಕೆ 70ರ ಆಸುಪಾಸು.

ಅದಕ್ಕಿಂತ ದೊಡ್ಡದು, ಆ ಕವರ್ ಯಾರ ಮನೆಗೆ ಹೋಗುತ್ತದೆ ಅನ್ನೋದು. ಪ್ರವಾಸಿಗರ ಕೈಗೆ ಸೇರುತ್ತದೆ ಅಂತ ನಂಬಿ ಸಂಬಾರ ಅಂಗಡಿಯವರು ದುಡ್ಡು ಕೊಟ್ಟಿದ್ದರು. ಆದರೆ ಪ್ರವಾಸಿಗರು ಹೋಮ್‌ಸ್ಟೇಯಲ್ಲೇ ಉಣ್ಣುತ್ತಾರೆ, ಇಲ್ಲವೇ ಹೋಟೆಲ್‌ಗೆ ಬಂದು ಕೂತು ಉಣ್ಣುತ್ತಾರೆ. ರಾತ್ರಿ ತೋಟದ ದಾರಿಯಲ್ಲಿ ಐದಾರು ಕಿಲೋಮೀಟರ್ ಪಾರ್ಸೆಲ್ ತಂದುಕೊಡುವವರು ನಮ್ಮಲ್ಲಿ ಕಡಿಮೆ. ಪಾರ್ಸೆಲ್ ಒಯ್ಯುತ್ತಿದ್ದವರು ಊರಿನವರು: ಬ್ಯಾಂಕಿನವರು, ಆಸ್ಪತ್ರೆಯಲ್ಲಿ ರೋಗಿಯ ಜೊತೆ ಉಳಿದವರು, ಕೆಲಸ ಮುಗಿಸಿ ಮನೆಗೆ ಹೊರಟವರು. ಹಿತ್ತಲಲ್ಲೇ ಮೆಣಸಿನ ಬಳ್ಳಿ ಇರುವವರಿಗೆ ನಾನು ಮೆಣಸಿನ ಜಾಹೀರಾತು ಕೊಟ್ಟು ಕಳಿಸುತ್ತಿದ್ದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಮಡಿಕೇರಿ ಮಳೆ ನಿಮಗೆ ಗೊತ್ತಲ್ವಾ. ಒಂದು ಸಂಜೆ ಹೋಟೆಲ್ ಬಾಗಿಲಲ್ಲಿ ನಿಂತಿದ್ದೆ. ಒಬ್ಬರು ಕೊಡೆ ಬಿಡಿಸುತ್ತಾ ಮೆಟ್ಟಿಲು ಇಳಿದರು. ಕವರಿನ ಹಿಡಿ ಅಂಟು ಬಿಟ್ಟು ಅವರ ಬೆರಳಲ್ಲೇ ಉಳಿಯಿತು, ಡಬ್ಬಿ ಕೆಳಗೆ ಬಿದ್ದು ಕೋಳಿ ಸಾರೆಲ್ಲ ನೀರಿನ ಜೊತೆ ಹರಿಯಿತು. ಮರುದಿನದಿಂದ ಹೋಟೆಲ್ ಹುಡುಗ ನನ್ನ ಪೇಪರ್ ಕವರನ್ನು ಕಪ್ಪು ಪ್ಲಾಸ್ಟಿಕ್ ಕವರೊಳಗೆ ಇಟ್ಟು ಕೊಡಲು ಶುರು ಮಾಡಿದ. ಆರು ಜನ ದುಡ್ಡು ಕೊಟ್ಟ ಜಾಹೀರಾತು ಒಳಗೆ ಮುಚ್ಚಿಹೋಯಿತು. ಅವನನ್ನು ಬೈಯುವುದು ಹೇಗೆ? ಗಿರಾಕಿಯ ಊಟ ಮನೆ ಮುಟ್ಟಬೇಕಲ್ಲ.

ಜುಲೈ ಮಧ್ಯದ ಹೊತ್ತಿಗೆ ಖರ್ಚಾಗಿದ್ದು ನಾಲ್ಕು ಸಾವಿರವೂ ಇಲ್ಲ. ಉಳಿದ ಕಟ್ಟುಗಳ ಅಡಿಗೆ ಬೂಷ್ಟು ಹಿಡಿದಿತ್ತು. ಸಂಬಾರ ಅಂಗಡಿಯವರು, "ಎಂತ ಮಾರಾಯ, ಈ ಕವರ್ ನೋಡಿ ಅಂತ ಒಬ್ಬರೂ ಬಂದಿಲ್ಲ" ಅಂದರು. ಜಗಳ ಆಡಲಿಲ್ಲ, ಅದೇ ಜಾಸ್ತಿ ನೋವಾಯಿತು. ಅವರಿಗೆ 15 ಸಾವಿರ, ಉಳಿದವರಿಗೆ ಸೇರಿ 17 ಸಾವಿರ ವಾಪಸ್ ಕೊಟ್ಟೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ರೇಟು ಆಮೇಲೆ. ಮೊದಲು ಒಂದು ನೋಟ್‌ಬುಕ್ ಹಿಡಿದು ಏಳು ದಿನ ಕೌಂಟರ್ ಪಕ್ಕ ಕೂರಿ. ಎಷ್ಟು ಕವರ್, ಯಾವ ಸೈಜು, ಒಯ್ಯುವವರು ಊರಿನವರೋ ಹೊರಗಿನವರೋ ಅಂತ ಗೆರೆ ಎಳೆಯಿರಿ. ಹೋಟೆಲ್‌ನವರು ಬೇಡ ಅನ್ನುವುದಿಲ್ಲ, ಒಂದು ಕಾಫಿ ಕುಡಿಯುತ್ತಾ ಕೂತರೆ ಆಯಿತು.

ಬಿಟ್ಟಿಯಂತೂ ಕೊಡಲೇಬೇಡಿ. ನನ್ನ ಕವರಲ್ಲಿ ಈರುಳ್ಳಿ ತುಂಬಿಟ್ಟಿದ್ದು ನೋಡಿದ್ದೇನೆ. ಅರ್ಧ ದುಡ್ಡಾದರೂ ಹೋಟೆಲ್‌ನವರೇ ಹಾಕಿದರೆ ಒಂದೊಂದನ್ನೂ ಲೆಕ್ಕ ಇಟ್ಟು ಬಳಸುತ್ತಾರೆ.

ಮುಂದಿನ ವರ್ಷ ನಾನು ಕವರ್ ಬಿಟ್ಟು ಡಬ್ಬಿಯ ಬಾಯಿಗೆ ಅಂಟಿಸುವ ಸ್ಟಿಕ್ಕರ್ ಹಿಡಿದೆ. ನೀರು ತಡೆಯುವಂಥದ್ದು, ಸಾವಿರವೇ ಸಾವಿರ. ಹೊರಗೆ ಯಾವ ಕವರ್ ಹಾಕಿದರೂ ಡಬ್ಬಿ ತೆರೆಯುವವರು ಅದನ್ನು ನೋಡಲೇಬೇಕು. ಅಂಟಿಸುವುದು ಡಬ್ಬಿಯ ಹೊರಗೆ ಮಾತ್ರ. ಮುದ್ರಿಸಿದ ಭಾಗ ಊಟಕ್ಕೆ ತಾಗಬಾರದು ಅಂತ 2018ರ ಆಹಾರ ಪ್ಯಾಕೇಜಿಂಗ್ ನಿಯಮದಲ್ಲೇ ಇದೆ. ಜಾಹೀರಾತು ಒಂದೇ, ಇನ್ವರ್ಟರ್ ಅಂಗಡಿಯದ್ದು. ಮಳೆಗಾಲದಲ್ಲಿ ಕರೆಂಟ್ ಹೋಗದ ಮನೆ ನಮ್ಮಲ್ಲಿ ಎಲ್ಲಿದೆ? ಸ್ಟಿಕ್ಕರ್ ತಂದರೆ ಬ್ಯಾಟರಿ ಸರ್ವಿಸ್‌ಗೆ 50 ರೂಪಾಯಿ ಕಡಿಮೆ ಅಂತ ಹಾಕಿದೆವು. 23 ಸ್ಟಿಕ್ಕರ್ ವಾಪಸ್ ಬಂದವು. ಆ 23ನ್ನು ಮೇಜಿನ ಮೇಲೆ ಇಟ್ಟು ಮಾತಾಡಿದಾಗ ರೇಟಿನ ಚರ್ಚೆ ಎರಡು ನಿಮಿಷದಲ್ಲಿ ಮುಗಿಯಿತು.

ಕುಶಾಲನಗರದಲ್ಲಿ ಮಳೆ ನಮ್ಮಷ್ಟಿಲ್ಲ, ಪೇಪರ್ ಕವರ್ ಅಲ್ಲಿ ಬದುಕಿಕೊಳ್ಳಬಹುದು. ಆದರೆ ಮೈಸೂರು ರಸ್ತೆಯ ಹೋಟೆಲ್ ಹಿಡಿಯಬೇಡಿ. ಅಲ್ಲಿನ ಪಾರ್ಸೆಲ್ ಕಾರಲ್ಲಿ ಕೂತು ಹುಣಸೂರು ದಾಟಿಬಿಡುತ್ತದೆ. ಬಡಾವಣೆಗಳ ಒಳಗೆ ರಾತ್ರಿ ಎಂಟರ ಮೇಲೆ ಬೈಕು ನಿಲ್ಲಿಸಿ ಊಟ ಕಟ್ಟಿಸಿಕೊಳ್ಳುವ ಚಿಕ್ಕ ಹೋಟೆಲ್ ಇರುತ್ತವಲ್ಲ, ಅಂಥದ್ದೊಂದರಲ್ಲಿ ಈ ಸೋಮವಾರದಿಂದಲೇ ನೋಟ್‌ಬುಕ್ ಹಿಡಿದು ಕೂರಿ.