ಹಳೇ ಮ್ಯೂಆನ್ ಡಿಟೆಕ್ಟರ್ ಕೆಟ್ಟಿರಲಿಲ್ಲ, ಮತ್ತೆ ಹೊಸದ್ಯಾಕೆ?

ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದ ಸಿಎಂಎಸ್ ಪ್ರಯೋಗದಲ್ಲಿ ಮ್ಯೂಆನ್ (ಎಲೆಕ್ಟ್ರಾನಿನಂಥದೇ, ಆದರೆ ಭಾರವಾದ ಕಣ) ಹಿಡಿಯೋ ಹಳೇ ಡಿಟೆಕ್ಟರುಗಳು ಚೆನ್ನಾಗೇ ನಡೀತಿದ್ದಾಗ ಜೆಮ್ ಅನ್ನೋ ಹೊಸ ಗ್ಯಾಸ್ ಡಿಟೆಕ್ಟರ್ ಯಾಕೆ ಹಾಕಿದರು ಅಂತ ಕೇಳಿದ್ದೀರಿ. ನಾನೀಗ ಹಾಸನದಲ್ಲಿ ಡಿಗ್ರಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡ್ತೀನಿ. ಅದಕ್ಕೂ ಮೊದಲು ಜೆಮ್ ಚೇಂಬರ್ ಜೋಡಿಸೋ ಲ್ಯಾಬಿನಲ್ಲಿ ಕೆಲವು ತಿಂಗಳು ಇದ್ದೆ.

ಪ್ರೋಟಾನ್ ಓಡೋ ಕೊಳವೆಗೆ ಹತ್ತಿರದ ತುದಿ ಭಾಗದಲ್ಲಿ ಕಣಗಳ ಹೊಡೆತ ವಿಪರೀತ. ಬೇಕಲೈಟ್ ಹಲಗೆಗಳ ಆರ್‌ಪಿಸಿಗಳು (ಹಳೇ ಬಗೆಯ ಗ್ಯಾಸ್ ಡಿಟೆಕ್ಟರುಗಳು) ಅದನ್ನು ತಡೆದುಕೊಳ್ಳಲ್ಲ ಅಂತ ಅವುಗಳ ಜಾಗ ಖಾಲಿ ಬಿಟ್ಟಿದ್ದರು. ಪ್ರೋಟಾನುಗಳನ್ನು ಡಿಕ್ಕಿ ಹೊಡೆಸೋ ಎಲ್‌ಎಚ್‌ಸಿ ಯಂತ್ರದಲ್ಲಿ ಸೆಕೆಂಡಿಗೆ ಸುಮಾರು 4 ಕೋಟಿ ಸಲ ಪ್ರೋಟಾನ್ ಗೊಂಚಲುಗಳು ಎದುರುಬದುರಾಗುತ್ತವೆ. ಅದರಲ್ಲಿ ಸುಮಾರು 1 ಲಕ್ಷವನ್ನು ಮಾತ್ರ ಟ್ರಿಗರ್, ಅಂದರೆ ಯಾವುದನ್ನು ಉಳಿಸಿಕೊಳ್ಳಬೇಕು ಅಂತ ತಕ್ಷಣ ತೀರ್ಮಾನಿಸೋ ವ್ಯವಸ್ಥೆ, ಆರಿಸಿಕೊಳ್ಳಬೇಕು. ಕಾಂತಕ್ಷೇತ್ರದಲ್ಲಿ ಮ್ಯೂಆನ್ ಎಷ್ಟು ಬಾಗಿದೆ ಅನ್ನೋದರಿಂದ ಅದರ ಆವೇಗ ಗೊತ್ತಾಗೋದು. ಬಾಗು ಸರಿಯಾಗಿ ಸಿಗದಿದ್ದರೆ ಕಡಿಮೆ ಆವೇಗದ ಮ್ಯೂಆನೂ ಹೆಚ್ಚು ಆವೇಗದ್ದೇ ಅನ್ನಿಸಿ ಟ್ರಿಗರ್ ತುಂಬಿಹೋಗುತ್ತೆ. ಅಲ್ಲಿ ಮೊದಲಿಂದಲೂ ಇದ್ದ ಕ್ಯಾಥೋಡ್ ಸ್ಟ್ರಿಪ್ ಚೇಂಬರ್ ಅನ್ನೋ ಡಿಟೆಕ್ಟರಿನ ಮುಂದೆ ಇನ್ನೊಂದು ಪದರ ಬಂದರೆ ಆ ಕೋನ ಸಿಗುತ್ತೆ. ಹಾಗಾಗಿ 2019-20ರಲ್ಲಿ 144 ಜೆಮ್ ಚೇಂಬರುಗಳನ್ನು ಕೂರಿಸಿದರು.

ಜೆಮ್ ಅಂದರೆ 1997ರಲ್ಲಿ ಸರ್ನ್‌ನ ಫಾಬಿಯೊ ಸೌಲಿ ಕಂಡುಹಿಡಿದ ಹಾಳೆ. 50 ಮೈಕ್ರಾನ್ ಪ್ಲಾಸ್ಟಿಕ್, ಎರಡೂ ಕಡೆ ತಾಮ್ರ, 140 ಮೈಕ್ರಾನಿಗೊಂದು ತೂತು. ಮ್ಯೂಆನ್ ಹಾದಾಗ ಗ್ಯಾಸಿನಿಂದ ಬಿಡಿಸಿಕೊಂಡ ಎಲೆಕ್ಟ್ರಾನ್ ಮೂರು ಹಾಳೆಯ ತೂತು ದಾಟೋ ಹೊತ್ತಿಗೆ ಸುಮಾರು 10,000 ಆಗಿರುತ್ತೆ. ಗ್ಯಾಸ್ ಅಂದರೆ ಬರೀ ಆರ್ಗಾನ್, ಕಾರ್ಬನ್ ಡೈಆಕ್ಸೈಡ್. ನನಗೆ ಇದು ದೊಡ್ಡ ಸಮಾಧಾನ, ಯಾಕಂದರೆ ಆರ್‌ಪಿಸಿಗೆ ಬೇಕಾಗೋದು ಕಾರಿನ ಎಸಿಗೆ ತುಂಬೋ ಆರ್134ಎ, ಭೂಮಿ ಬಿಸಿಯೇರಿಸೋ ಗ್ಯಾಸ್.

ಕಷ್ಟ ಇರೋದು ಜೋಡಿಸೋದರಲ್ಲಿ. ಹಾಳೆಯನ್ನು ಅಂಟು ಹಾಕದೆ ಸುತ್ತಲೂ ಸ್ಕ್ರೂ ತಿರುಗಿಸಿ, ತಮಟೆ ಚರ್ಮದ ಹಾಗೆ ಬಿಗಿ ಮಾಡಬೇಕು. ಒಂದು ಕಡೆ ಹೆಚ್ಚು ತಿರುಗಿಸಿದರೆ ಎದುರುಗಡೆ ಸುಕ್ಕು. ಆಮೇಲೆ ಮೆಗ್ಗರ್, ಅಂದರೆ ಕರೆಂಟ್ ಸೋರಿಕೆ ನೋಡೋ ಮೀಟರ್, ಹಚ್ಚೋದು. ನಮ್ಮೂರ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಪಂಪ್‌ಸೆಟ್ಟಿಗೆ ಹಚ್ಚುತ್ತಾರಲ್ಲ, ಅದೇ ಪರೀಕ್ಷೆ. ತಾಮ್ರದ ಎರಡು ಮುಖಗಳ ನಡುವೆ 500 ವೋಲ್ಟಿಗೂ ಮೇಲೆ ಕೊಟ್ಟು ಕರೆಂಟ್ ಸೋರುತ್ತಾ ನೋಡಬೇಕು. ಒಂದು ಸಂಜೆ ಮುಳ್ಳು ನಿಲ್ಲಲೇ ಇಲ್ಲ. ಪೂರ್ತಿ ಬಿಚ್ಚಿದೆವು. ದೀಪ ಓರೆ ಹಿಡಿದಾಗ ಮೂಲೆಯ ತೂತುಗಳ ಮೇಲೆ ಬಟ್ಟೆಯ ಒಂದು ಎಳೆ ಅಡ್ಡ ಬಿದ್ದಿತ್ತು. ಅಂಟು ರೋಲರಿನಿಂದ ತೆಗೆದು, ಮತ್ತೆ ಒಂದೊಂದೇ ಸ್ಕ್ರೂ ಬಿಗಿ ಮಾಡಿ ಮೆಗ್ಗರ್ ಹಚ್ಚಿದಾಗ ರಾತ್ರಿ ಹನ್ನೊಂದೂವರೆ. ಮುಳ್ಳು ಗಿಗಾ ಓಮಿನಲ್ಲಿ ನಿಂತಿತು, ಅಂದರೆ ಸೋರಿಕೆ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ.