ಕರೆಂಟ್ ಹೋದಾಗ ವೇಬಾರ್ ಪಟ್ಟಿ ಸ್ತಬ್ಧವಾಗುವುದೇಕೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್, ಪರದೆಯ ಕಿಟಕಿಗಳನ್ನು ಜೋಡಿಸುವ ಸ್ವೇ ಮತ್ತು ಪರದೆಯ ಅಂಚಿನಲ್ಲಿ ಮಾಹಿತಿಯ ಪಟ್ಟಿ ತೋರಿಸುವ ವೇಬಾರ್ ಇವೆ. ಮಳೆ ಬಂದರೆ ನಮ್ಮ ರಸ್ತೆಯಲ್ಲಿ ಕರೆಂಟ್ ಹೋಗುತ್ತದೆ. ಅದು ಪರದೆಯ ಮೇಲಿನ ಪಟ್ಟಿಯಲ್ಲಿ ತಕ್ಷಣ ಕಾಣಲೆಂದು, ಸೆಕೆಂಡಿಗೊಮ್ಮೆ ಹವಾಮಾನವನ್ನೂ ಬ್ಯಾಟರಿಯ ಸ್ಥಿತಿಯನ್ನೂ ತರುವ ಸ್ಕ್ರಿಪ್ಟ್ (ಆದೇಶಗಳ ಪುಟ್ಟ ಕಡತ) ಬರೆದಿದ್ದೇನೆ. ಆದರೆ ಕರೆಂಟ್ ಹೋದ ಹೊತ್ತಿಗೇ ಪಟ್ಟಿ ಸ್ತಬ್ಧವಾಗುತ್ತದೆ. ವಾರದ ಹೆಸರೂ ಕನ್ನಡದಲ್ಲಿ ಬರುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ತೊಂದರೆ ಬಹುಮಟ್ಟಿಗೆ ಹವಾಮಾನದ ಸಾಲಿನಲ್ಲಿದೆ. ಕರೆಂಟಿನೊಡನೆ ಮನೆಯ ವೈಫೈ ರೂಟರ್ ಕೂಡ ಆರಿಹೋಗುವುದರಿಂದ, ಸ್ಕ್ರಿಪ್ಟ್ ಬಾರದ ಉತ್ತರಕ್ಕಾಗಿ ಕಾಯುತ್ತ ನಿಲ್ಲುತ್ತದೆ. ಅದರ ಕೆಳಗಿರುವ ಬ್ಯಾಟರಿಯ ಸಾಲಿನ ಸರದಿ ಬರುವುದೇ ಇಲ್ಲ. ಆದ್ದರಿಂದ ಎರಡನ್ನೂ ಬೇರ್ಪಡಿಸಿ.

ಬ್ಯಾಟರಿಗೆ ಸ್ಕ್ರಿಪ್ಟಿನ ಅಗತ್ಯವೇ ಇಲ್ಲ. ವೇಬಾರ್‌ನಲ್ಲಿಯೇ ಇರುವ ಬ್ಯಾಟರಿ ಮಾಡ್ಯೂಲ್ (ಪಟ್ಟಿಯ ಒಂದು ಘಟಕ), ಚಾರ್ಜರ್‌ನ ಸ್ಥಿತಿ ಬದಲಾದಾಗ ಲಿನಕ್ಸಿನ ತಿರುಳಾದ ಕರ್ನಲ್ ಕಳಿಸುವ ಸೂಚನೆಯನ್ನು ತಾನೇ ಪಡೆದು ಪಟ್ಟಿಯನ್ನು ತಿದ್ದುತ್ತದೆ. ವೇಬಾರ್‌ನ ಸಂರಚನಾ ಕಡತದಲ್ಲಿ ಅದರ ‘ಫಾರ್ಮ್ಯಾಟ್-ಡಿಸ್‌ಚಾರ್ಜಿಂಗ್’ ಎಂಬಲ್ಲಿ ಶೇಕಡಾವಾರು ಅಂಕಿಯ ಮುಂದೆ ‘ಕರೆಂಟ್ ಇಲ್ಲ’ ಎಂದು ಬರೆದರೆ ನಿಮ್ಮ ಉದ್ದೇಶ ಈಡೇರುತ್ತದೆ. ‘ಸ್ಟೇಟ್ಸ್’ ಅಡಿಯಲ್ಲಿ ‘ವಾರ್ನಿಂಗ್’ 30, ‘ಕ್ರಿಟಿಕಲ್’ 15 ಎಂದು (ಉಳಿದ ಚಾರ್ಜಿನ ಶೇಕಡಾವಾರು) ಕೊಟ್ಟು, ಆ ಹೆಸರುಗಳಿಗೆ ಪಟ್ಟಿಯ ರೂಪ ನಿರ್ಧರಿಸುವ ಸಿಎಸ್ಎಸ್ ಕಡತದಲ್ಲಿ ಬೇಕಾದ ಬಣ್ಣ ಹಚ್ಚಬಹುದು.

ಹವಾಮಾನವನ್ನು ಪ್ರತ್ಯೇಕ ಕಸ್ಟಮ್ ಮಾಡ್ಯೂಲ್ (ನಿಮ್ಮದೇ ಸ್ಕ್ರಿಪ್ಟ್ ನಡೆಸುವ ಘಟಕ) ಆಗಿಸಿ; ಆಗ ಅದು ಕಾಯುತ್ತ ಕುಳಿತರೂ ಉಳಿದವು ತಮ್ಮ ಪಾಡಿಗೆ ನಡೆಯುತ್ತವೆ. ಸೆಕೆಂಡಿಗೊಮ್ಮೆ ವಿಚಾರಿಸುವುದು ಬೆಂಗಳೂರಿನ ಮಳೆಗೂ ಅತಿಯಾಯಿತು. ‘ಇಂಟರ್‌ವಲ್’ 1800 ಎಂದಿಟ್ಟರೆ ಅರ್ಧ ಗಂಟೆಗೊಮ್ಮೆ ತರುತ್ತದೆ, ಅಷ್ಟು ಸಾಕು. ಅಂತರ್ಜಾಲದಿಂದ ಮಾಹಿತಿ ತರುವ ಕರ್ಲ್ ಆದೇಶ ಬಳಸುತ್ತಿದ್ದರೆ ‘ಮ್ಯಾಕ್ಸ್-ಟೈಮ್’ 10 ಎಂದು ಸೇರಿಸಿ. 10 ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಕೈಬಿಡುತ್ತದೆ.

ವಾರದ ಹೆಸರಿಗೆ ಮೊದಲು ಕಂಪ್ಯೂಟರಿನಲ್ಲಿ ಕನ್ನಡ ಲೊಕೇಲ್ (ಭಾಷೆ-ಪ್ರದೇಶದ ಹೊಂದಿಕೆ) ಸಿದ್ಧವಿರಬೇಕು. ಅನಂತರ ಗಡಿಯಾರದ ಮಾಡ್ಯೂಲಿನಲ್ಲಿ ಆ ಲೊಕೇಲನ್ನು ಹೆಸರಿಸಿ, ಫಾರ್ಮ್ಯಾಟಿನ ಮೊದಲ ಕೋಲನ್ ಚಿಹ್ನೆಯಾದ ಕೂಡಲೇ ದೊಡ್ಡಕ್ಷರದ ‘ಎಲ್’ ಹಾಕಬೇಕು. ಹಲವರು ಬಿಟ್ಟುಬಿಡುವುದು ಈ ಒಂದು ಅಕ್ಷರವನ್ನೇ. ಕನ್ನಡದ ಅಕ್ಷರಗಳು ಚೌಕಗಳಾಗಿ ಕಂಡರೆ ನೋಟೋ ಸಾನ್ಸ್ ಕನ್ನಡ ಫಾಂಟ್ ಸ್ಥಾಪಿಸಿಕೊಳ್ಳಿ. ಒತ್ತಕ್ಷರಗಳನ್ನು ವೇಬಾರ್ ಬಳಸುವ ಪ್ಯಾಂಗೋ ಎಂಬ ಅಕ್ಷರ ಮೂಡಿಸುವ ತಂತ್ರಾಂಶ ಸರಿಯಾಗಿಯೇ ಜೋಡಿಸುತ್ತದೆ.

ಬದಲಾವಣೆ ಕಾಣಲು ಲಾಗ್‌ಔಟ್ ಆಗಬೇಕಿಲ್ಲ, ವೇಬಾರ್‌ಗೆ ‘ಕಡತವನ್ನು ಮತ್ತೆ ಓದು’ ಎಂದು ಸೂಚಿಸುವ ಸಿಗ್‌ಯುಎಸ್‌ಆರ್2 ಸಿಗ್ನಲ್ ಕಳಿಸಿದರೆ ಸಾಕು. ಪಟ್ಟಿಯೇ ಮಾಯವಾದರೆ ಸಾಮಾನ್ಯವಾಗಿ ಜೇಸನ್ ರೂಪದಲ್ಲಿರುವ ಆ ಸಂರಚನಾ ಕಡತದಲ್ಲಿ ಅಲ್ಪವಿರಾಮವೋ ಆವರಣವೋ ತಪ್ಪಿರುತ್ತದೆ. ವೇಬಾರ್ ಅನ್ನು ಟರ್ಮಿನಲ್‌ನಿಂದ ಚಾಲೂ ಮಾಡಿ ನೋಡಿದರೆ ತಪ್ಪಿರುವ ಸಾಲು ಅಲ್ಲಿಯೇ ತಿಳಿಯುತ್ತದೆ.